ಊರಿಗೆ ಬಂದ ಚಿರತೆಯನ್ನು ದೂರದ ಕಾಡಿಗೆ ಬಿಟ್ಟರೆ ಸಮಸ್ಯೆ ಮುಗಿಯುತ್ತದೆಯೇ?

‘ಗ್ರಾಮಸ್ಥರ ನಿದ್ದೆಗೆಡಿಸಿದ್ದ ಚಿರತೆ ಕೊನೆಗೂ ಬೋನಿಗೆ!’ ಇಂಥ ತಲೆಬರಹದ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಬೋನಿನೊಳಗೆ ಹಲ್ಲು ಕಿರಿಯುವ ಚಿರತೆ, ಸುತ್ತಲೂ ಫೋನ್ ಎತ್ತಿ ಹಿಡಿದ ಜನ, ಪಕ್ಕದಲ್ಲಿ ಅರಣ್ಯ ಇಲಾಖೆಯ ಜೀಪು. ಕೊನೆಯಲ್ಲಿ ಒಂದು ಸಾಲು: ‘ದೂರದ ಕಾಡಿಗೆ ಸುರಕ್ಷಿತವಾಗಿ ಬಿಡಲಾಯಿತು.’ ಕೆಳಗೆ ಕೈಮುಗಿದ ಇಮೋಜಿಗಳ ಸಾಲು. ನೋಡಿದವರಿಗೆ ಸಮಾಧಾನವಾಗುತ್ತದೆ, ಪ್ರಾಣಿಯೂ ಬದುಕಿತು, ಊರೂ ಉಳಿಯಿತು ಎಂದುಕೊಂಡು ನಾಲ್ಕು ಗುಂಪಿಗೆ ಕಳಿಸುತ್ತೇವೆ.

ಆದರೆ ಆ ಜೀಪು ಕಾಡಿನ ಅಂಚಿಗೆ ಹೋಗಿ ಬೋನಿನ ಬಾಗಿಲು ಎತ್ತಿದ ಮೇಲೆ ಏನಾಗುತ್ತದೆ? ಇದನ್ನು ತಿಳಿಯಬೇಕಾದರೆ ಮೊದಲು ಚಿರತೆಯಂಥ ಬೇಟೆಗಾರ ಪ್ರಾಣಿ ದಿನವೂ ಎದುರಿಸುವ ಒಂದು ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಬೇಕು. ಗೊತ್ತಿರುವ ಜಾಗದಲ್ಲೇ ಬೇಟೆಯಾಡಬೇಕೇ, ಹೊಸ ಜಾಗ ಹುಡುಕಬೇಕೇ?

ಗೊತ್ತಿರುವ ಜಾಗದ ಬೆಲೆ

ಹಸು, ಎಮ್ಮೆಗೆ ಹುಲ್ಲು ಎಲ್ಲಿದ್ದರೂ ಹುಲ್ಲೇ. ಅದು ಓಡಿಹೋಗುವುದಿಲ್ಲ, ತಿರುಗಿ ಹಾಯುವುದಿಲ್ಲ. ಬೇಟೆಯಾಡಿ ತಿನ್ನುವ ಪ್ರಾಣಿಯ ಲೆಕ್ಕವೇ ಬೇರೆ. ಅದರ ಊಟ ಅಡಗುತ್ತದೆ, ಓಡುತ್ತದೆ, ಕೆಲವೊಮ್ಮೆ ಎದುರು ಬೀಳುತ್ತದೆ. ಹಾಕಿದ ಹೊಂಚಿನಲ್ಲಿ ಬಹಳಷ್ಟು ವ್ಯರ್ಥವಾಗುತ್ತದೆ. ಒಂಟಿಯಾಗಿ ಬದುಕುವ ಚಿರತೆ ಒಮ್ಮೆ ಕಾಲು ಮುರಿದುಕೊಂಡರೆ ಅದಕ್ಕೆ ಮಾಂಸ ತಂದುಕೊಡುವವರಿಲ್ಲ.

ಹಾಗಾಗಿ ಜಾಗದ ಪರಿಚಯವೇ ಅದರ ಆಸ್ತಿ. ಬೇಸಿಗೆಯಲ್ಲಿ ಯಾವ ಹೊಂಡದಲ್ಲಿ ನೀರು ಉಳಿಯುತ್ತದೆ, ಹಗಲು ಮಲಗಲು ಯಾವ ಬಂಡೆಯ ಸಂದು ತಂಪು, ಯಾವ ಮನೆಯ ನಾಯಿ ಅಂಗಳದಲ್ಲಿ ಮಲಗುತ್ತದೆ, ಯಾವ ತೋಟದವರು ರಾತ್ರಿ ಪಂಪ್‌ಸೆಟ್ ಹಾಕಲು ಟಾರ್ಚ್ ಹಿಡಿದು ಬರುತ್ತಾರೆ, ರಸ್ತೆ ದಾಟಲು ಯಾವ ಮೋರಿ ಅನುಕೂಲ, ಇದೆಲ್ಲ ತಿಂಗಳುಗಟ್ಟಲೆ ತಿರುಗಿ ಕಲಿತದ್ದು. ಜೊತೆಗೆ ನೆರೆಹೊರೆಯ ಪರಿಚಯವೂ ಇರುತ್ತದೆ. ಚಿರತೆಗಳು ಮರಕ್ಕೆ ಉಗುರು ಗೀರಿ, ಪೊದೆಗೆ ಮೂತ್ರ ಸಿಂಪಡಿಸಿ ತಮ್ಮ ಸರಹದ್ದು ಗುರುತು ಮಾಡುತ್ತವೆ. ಆ ವಾಸನೆಯಿಂದಲೇ ಇದು ಯಾರ ಜಾಗ, ಗಂಡೋ ಹೆಣ್ಣೋ, ಇತ್ತೀಚೆಗೆ ಬಂದು ಹೋಯಿತೋ ಇಲ್ಲವೋ ಎಂದು ಮತ್ತೊಂದಕ್ಕೆ ತಿಳಿಯುತ್ತದೆ. ಎದುರಾಎದುರು ಜಗಳವಾಡಿ ಗಾಯಗೊಳ್ಳುವುದು ತಪ್ಪುತ್ತದೆ.

ಹಾಗಾದರೆ ಗೊತ್ತಿರುವ ಜಾಗ ಬಿಟ್ಟು ಹೋಗುವುದಾದರೂ ಯಾಕೆ? ನೇರಳೆ ಮರದಡಿ ಹಣ್ಣು ಆರಿಸುವುದನ್ನು ನೆನಪಿಸಿಕೊಳ್ಳಿ. ಮೊದಲ ಹತ್ತು ನಿಮಿಷ ಕೈತುಂಬ ಸಿಗುತ್ತದೆ. ಆಮೇಲೆ ಹುಡುಕಿ ಹುಡುಕಿ ಒಂದೊಂದು. ಇಲ್ಲೇ ಇನ್ನಷ್ಟು ಹೊತ್ತು ಕೆದಕುವುದೋ, ಆಚೆ ಹೊಲದ ಬದುವಿನ ಮರದ ಹತ್ತಿರ ಹೋಗುವುದೋ? ಆಚೆ ಮರ ಹತ್ತಿರವಿದ್ದರೆ ಬೇಗ ಎದ್ದು ಹೋಗುತ್ತೇವೆ. ಎರಡು ಮೈಲಿ ನಡೆಯಬೇಕು ಎಂದಾದರೆ ಇಲ್ಲೇ ಕೊನೆಯ ಹಣ್ಣಿನವರೆಗೆ ಆರಿಸುತ್ತೇವೆ. 1976ರಲ್ಲಿ ಎರಿಕ್ ಚಾರ್ನೋವ್ ಎಂಬ ವಿಜ್ಞಾನಿ ಇದೇ ಮಾತನ್ನು ಗಣಿತದಲ್ಲಿ ಬರೆದರು. ಈಗಿರುವ ಜಾಗದಲ್ಲಿ ಸಿಗುವುದು, ಓಡಾಟದ ಹೊತ್ತನ್ನೂ ಸೇರಿಸಿ ಒಟ್ಟು ಪ್ರದೇಶದಲ್ಲಿ ಸರಾಸರಿ ಸಿಗುವುದಕ್ಕಿಂತ ಕಡಿಮೆಯಾದಾಗ ಹೊರಡುವುದು ಲಾಭ ಎಂಬುದು ಅದರ ಸಾರ. ಜೇನ್ನೊಣ, ಹಕ್ಕಿ, ಮೀನು ಹೀಗೆ ಅನೇಕ ಜೀವಿಗಳ ಮೇಲೆ ಇದನ್ನು ಪರೀಕ್ಷಿಸಿದ್ದಾರೆ. ಚಿರತೆ ಕೂತು ಲೆಕ್ಕ ಹಾಕುತ್ತದೆ ಎಂದಲ್ಲ. ಈ ಲೆಕ್ಕ ತಪ್ಪಿದ ಪ್ರಾಣಿಗಳು ಬದುಕಿ ಮರಿ ಹಾಕುವುದು ಕಡಿಮೆ, ಅಷ್ಟೇ.

ನೇರಳೆ ಮರದ ಉದಾಹರಣೆಯಲ್ಲಿ ಒಂದು ಕೊರತೆ ಇದೆ. ಆಚೆ ಮರ ಎಲ್ಲಿದೆ ಎಂದು ನಮಗೆ ಗೊತ್ತು, ಅದರ ಕೆಳಗೆ ಯಾರೂ ಕೋಲು ಹಿಡಿದು ನಿಂತಿಲ್ಲ. ಚಿರತೆಗೆ ಹೊಸ ಜಾಗವೆಂದರೆ ಬಹುಪಾಲು ಬೇರೊಂದು ಚಿರತೆಯ ಜಾಗ.

ಹೊಸ ಜಾಗಕ್ಕೆ ಹೋಗುವವರು ಯಾರು?

ಸಾಮಾನ್ಯವಾಗಿ ಹರೆಯದವು. ಅದರಲ್ಲೂ ಗಂಡುಗಳು. ಹುಲಿ, ಚಿರತೆಗಳಲ್ಲಿ ಹೆಣ್ಣುಮರಿಗಳು ದೊಡ್ಡವಾದ ಮೇಲೆ ಹೆಚ್ಚಾಗಿ ತಾಯಿಯ ನೆರೆಯಲ್ಲೇ ಜಾಗ ಹಿಡಿಯುತ್ತವೆ. ಗಂಡುಗಳು ದೂರ ಹೊರಡುತ್ತವೆ. ದೊಡ್ಡ ಗಂಡು ಅವನ್ನು ಇರಗೊಡುವುದಿಲ್ಲ. ಹತ್ತಿರದ ಸಂಬಂಧದಲ್ಲೇ ಕೂಡುವುದೂ ಇದರಿಂದ ತಪ್ಪುತ್ತದೆ.

ಈ ಹೊರಡುವಿಕೆ ಎಷ್ಟು ಕಷ್ಟದ್ದು ಎಂಬುದಕ್ಕೆ ಮಹಾರಾಷ್ಟ್ರದ ‘ವಾಕರ್’ ಎಂಬ ಹುಲಿ ಸಾಕ್ಷಿ. 2019ರಲ್ಲಿ ಯವತ್ಮಾಳ ಜಿಲ್ಲೆಯ ಟಿಪೇಶ್ವರ ಅಭಯಾರಣ್ಯದಿಂದ ಹೊರಟ ಈ ಹರೆಯದ ಗಂಡು, ತೆಲಂಗಾಣದ ಕಾಡನ್ನೂ ಮುಟ್ಟಿ ಸುತ್ತಿಬಳಸಿ ಬುಲ್ಢಾಣ ಜಿಲ್ಲೆಯ ಜ್ಞಾನಗಂಗಾ ಅಭಯಾರಣ್ಯ ಸೇರಿತು. ಕೊರಳಲ್ಲಿದ್ದ ರೇಡಿಯೋ ಕಾಲರ್ ಲೆಕ್ಕದಂತೆ ಸುಮಾರು ಒಂಬತ್ತು ತಿಂಗಳಲ್ಲಿ ನಡೆದದ್ದು ಸುಮಾರು 3,000 ಕಿಲೋಮೀಟರ್. ಹೊಲ, ಹಳ್ಳ, ಹೆದ್ದಾರಿ ಎಲ್ಲ ದಾಟಿ ಕೊನೆಗೆ ತಲುಪಿದ ಕಾಡಿನಲ್ಲಿ ಒಂದು ಹೆಣ್ಣು ಹುಲಿಯೂ ಇರಲಿಲ್ಲ. ಇಷ್ಟಾದರೂ ಈ ಪ್ರಯಾಣ ಅದೇ ಆರಂಭಿಸಿದ್ದು. ಅದರ ವಯಸ್ಸೂ ಅಂಥದ್ದೇ.

ಬೋನಿಗೆ ಬಿದ್ದ ಚಿರತೆಯ ಸ್ಥಿತಿ ಹೀಗಲ್ಲ. ಅದು ಹೊರಡುವ ವಯಸ್ಸಿನದ್ದೇ ಆಗಿರಬೇಕೆಂದಿಲ್ಲ. ಆ ಊರಿನ ಸುತ್ತ ವರ್ಷಗಟ್ಟಲೆ ನೆಲೆಸಿದ, ಜಾಗವನ್ನು ಅಂಗೈಯಂತೆ ಬಲ್ಲ ಹೆಣ್ಣಾಗಿರಬಹುದು. ಬೋನಿನಲ್ಲಿ ಕಂಬಿ ಕಚ್ಚಿ ಕೋರೆಹಲ್ಲು ಮುರಿದುಕೊಂಡಿರಬಹುದು. ಒಂದೇ ರಾತ್ರಿಯಲ್ಲಿ ಅದನ್ನು ನೀರೆಲ್ಲಿ, ಅಡಗುತಾಣವೆಲ್ಲಿ, ಒಡೆಯ ಯಾರು ಎಂದು ತಿಳಿಯದ ಜಾಗಕ್ಕೆ ಇಳಿಸುತ್ತೇವೆ. ‘ಕಾಡುಪ್ರಾಣಿಗೆ ಕಾಡೇ ಮನೆ’ ಎಂದು ನಾವು ಹೇಳಿಕೊಳ್ಳುತ್ತೇವೆ. ಅದರ ಮಟ್ಟಿಗೆ ಅದು ಪರವೂರು.

ಜುನ್ನರ್ ಕಲಿಸಿದ್ದು

ಈ ವಿಷಯದಲ್ಲಿ ನಮ್ಮ ದೇಶದ ಅತಿ ಮುಖ್ಯ ಪಾಠ ಸಿಕ್ಕಿದ್ದು ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ. ಕುಕಡಿ ನೀರಾವರಿ ಯೋಜನೆಯ ನೀರು ಬಂದ ಮೇಲೆ ಅಲ್ಲಿ ಕಬ್ಬು ಹಬ್ಬಿತು. ಆಳೆತ್ತರದ ಕಬ್ಬಿನ ಗದ್ದೆ ಚಿರತೆಗೆ ಅಡಗಲು ಕಾಡಿನಷ್ಟೇ ಒಳ್ಳೆಯದು, ಸುತ್ತಲೂ ನಾಯಿ, ಆಡು, ಹಂದಿ. ಚಿರತೆಗಳು ಅಲ್ಲೇ ಮರಿ ಹಾಕಿ ಅಲ್ಲೇ ಬೆಳೆದವು. 1993ರಿಂದ 2001ರವರೆಗೆ ಅಲ್ಲಿ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ ನಾಲ್ಕು ದಾಳಿ ಆಗುತ್ತಿದ್ದವು. 2001ರ ಫೆಬ್ರುವರಿಯಲ್ಲಿ ಚಿರತೆಗಳನ್ನು ಹಿಡಿದು ಹತ್ತಾರು ಕಿಲೋಮೀಟರ್ ದೂರದ ಕಾಡುಗಳಿಗೆ ಬಿಡುವ ಕೆಲಸ ದೊಡ್ಡ ಪ್ರಮಾಣದಲ್ಲಿ ಶುರುವಾಯಿತು.

ದಾಳಿ ಕಡಿಮೆಯಾಗಬೇಕಿತ್ತಲ್ಲವೇ? ವರ್ಷಕ್ಕೆ ಸರಾಸರಿ 17ಕ್ಕೆ ಏರಿತು. ಸಾವಿನಲ್ಲಿ ಕೊನೆಯಾದ ದಾಳಿಗಳ ಪಾಲು ಶೇ 18ರಿಂದ ಶೇ 36ಕ್ಕೆ, ಅಂದರೆ ಎರಡು ಪಟ್ಟಾಯಿತು. ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಈ ಅಂಕಿಗಳನ್ನು 2011ರಲ್ಲಿ ‘ಕನ್ಸರ್ವೇಷನ್ ಬಯಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ನಮ್ಮ ಕರ್ನಾಟಕದವರೇ ಆದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರೂ ಆ ಲೇಖನದ ಲೇಖಕರಲ್ಲೊಬ್ಬರು.

ಹೀಗೇಕಾಯಿತು? ಸಂಶೋಧಕರು ಮುಂದಿಟ್ಟ ಕಾರಣಗಳು ಹಲವು. ಹಿಡಿಯುವಾಗಿನ ಆಘಾತ ಮತ್ತು ಮನುಷ್ಯರ ಗದ್ದಲ ಒಂದು. ಗುರುತಿಲ್ಲದ ನೆಲದಲ್ಲಿ ದಿಕ್ಕುತಪ್ಪಿ ಅಲೆಯುವುದು ಇನ್ನೊಂದು. ಚಿರತೆಗಳ ನಡುವಿನ ಸರಹದ್ದಿನ ವ್ಯವಸ್ಥೆಯೇ ಕದಡಿಹೋಗುವುದು ಮತ್ತೊಂದು. ಕಬ್ಬಿನ ಗದ್ದೆಯ ಚಿರತೆಗೆ ಜನ ಯಾವಾಗ ಎಲ್ಲಿರುತ್ತಾರೆಂದು ಗೊತ್ತಿತ್ತು, ಅವರ ಕಣ್ಣು ತಪ್ಪಿಸುವುದೂ ಗೊತ್ತಿತ್ತು. ಹೊಸ ಕಾಡಿನ ಅಂಚಿನ ಹಳ್ಳಿಯಲ್ಲಿ ಆ ತಿಳಿವಳಿಕೆ ಕೆಲಸಕ್ಕೆ ಬರಲಿಲ್ಲ. ಅಲ್ಲಿನ ಜನರಿಗೂ ಅಷ್ಟೇ, ತಮ್ಮ ಪಕ್ಕದಲ್ಲಿ ರಾತ್ರೋರಾತ್ರಿ ಯಾರು ಬಂದಿಳಿದರೆಂಬ ಸುಳಿವಿಲ್ಲ. ನಮಗೆ ಈ ಕಥೆಯಲ್ಲಿ ಅತ್ಯಂತ ಅನ್ಯಾಯವಾಗಿ ಕಾಣುವುದು ಇದೇ. ಒಂದೂರಿನ ಭಯವನ್ನು ಹೇಳದೆ ಕೇಳದೆ ಇನ್ನೊಂದೂರಿನ ಬಾಗಿಲಿಗೆ ಇಟ್ಟು ಬಂದಂತಾಯಿತು.

ನಡೆದೇ ಹೋದ ಅಜೋಬ

2009ರಲ್ಲಿ ಅಹಮದ್‌ನಗರ ಜಿಲ್ಲೆಯ ಒಂದು ಬಾವಿಗೆ ದೊಡ್ಡ ಗಂಡು ಚಿರತೆ ಬಿತ್ತು. ಮೇಲೆತ್ತಿ, ಜಿಪಿಎಸ್ ಕಾಲರ್ ತೊಡಿಸಿ, 52 ಕಿ.ಮೀ. ದೂರದ ಮಾಳಶೇಜ್ ಘಾಟ್ ಕಾಡಿಗೆ ಬಿಟ್ಟರು. ಶಾಂತ ಸ್ವಭಾವ ನೋಡಿ ಸಂಶೋಧಕರು ಅದಕ್ಕೆ ಇಟ್ಟ ಹೆಸರು ಅಜೋಬ, ಮರಾಠಿಯಲ್ಲಿ ಅಜ್ಜ.

ಘಾಟಿನ ಒಳ್ಳೆಯ ಕಾಡು ಅಜ್ಜನಿಗೆ ಹಿಡಿಸಲಿಲ್ಲ. ಒಂದೇ ದಿಕ್ಕು ಹಿಡಿದು ಹೊರಟಿತು. ಹೊಲಗದ್ದೆ, ಕಾರ್ಖಾನೆ ಪ್ರದೇಶ, ರೈಲು ಹಳಿ, ಹೆದ್ದಾರಿ ದಾಟಿ ನಡೆಯಿತು. 37 ದಿನಗಳಲ್ಲಿ ನೇರ ಗೆರೆ ಎಳೆದರೇ 89 ಕಿ.ಮೀ., ಕಾಲಿನ ದಾರಿ ಅದಕ್ಕಿಂತ ಹೆಚ್ಚು. ಕೊನೆಗೆ ಮುಂಬೈ ಅಂಚಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಡೆ ನೆಲೆ ನಿಂತಿತು. ದಾರಿಯಲ್ಲಿ ಒಬ್ಬರಿಗೂ ತೊಂದರೆ ಮಾಡಲಿಲ್ಲ. 2011ರಲ್ಲಿ ಹೆದ್ದಾರಿಯಲ್ಲಿ ವಾಹನ ಬಡಿದು ಸತ್ತಿತು. 2014ರಲ್ಲಿ ಇದೇ ಹೆಸರಿನ ಮರಾಠಿ ಸಿನಿಮಾ ಬಂತು, ಊರ್ಮಿಳಾ ಮಾತೋಂಡ್ಕರ್ ಅದರಲ್ಲಿ ಸಂಶೋಧಕಿ.

ಅದೇ ಅಧ್ಯಯನದಲ್ಲಿ 52 ಕಿ.ಮೀ. ದೂರ ಬಿಟ್ಟ ಒಂದು ಹೆಣ್ಣೂ ನಿಂತಲ್ಲಿ ನಿಲ್ಲಲಿಲ್ಲ. ಐದು ತಿಂಗಳಲ್ಲಿ ನೇರ ಗೆರೆಯಲ್ಲಿ 45 ಕಿ.ಮೀ. ಸರಿಯಿತು. ಇವೆರಡೂ ಕೊನೆಗೆ ನೆಲೆಸಿದ ಪ್ರದೇಶದ ವಿಸ್ತಾರ 42 ಮತ್ತು 65 ಚದರ ಕಿ.ಮೀ. ಹಿಡಿದ ಜಾಗದ ಹತ್ತಿರವೇ ಬಿಟ್ಟ ಮೂರು ಚಿರತೆಗಳದ್ದು ನೋಡಿ: 8, 11 ಮತ್ತು 15 ಚದರ ಕಿ.ಮೀ. ಪರಿಚಿತ ಜಾಗದಲ್ಲಿ ಸಣ್ಣ ಪ್ರದೇಶದಲ್ಲೇ ಹೊಟ್ಟೆ ತುಂಬುತ್ತದೆ, ಹೆಚ್ಚು ಅಲೆಯಬೇಕಾಗಿಲ್ಲ. ಜನವಸತಿಯ ನಡುವಿನ ಈ ಚಿರತೆಗಳು ರಾತ್ರಿ ಮನೆಗಳಿಂದ 25 ಮೀಟರ್ ಒಳಗೂ ಬಂದು ಹೋಗುತ್ತಿದ್ದವು. ಕಾಲರ್ ಕಳಿಸಿದ ರಾತ್ರಿಯ ಗುರುತುಗಳಲ್ಲಿ ಐದರಲ್ಲೊಂದು ಅಂಥದ್ದು. ಹಗಲಿನಲ್ಲಿ ನೂರಕ್ಕೆ ಒಂದೂ ಇಲ್ಲ. ಒಳಗೆ ಮಲಗಿದ್ದವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಹುಲಿಯದ್ದೂ ಇದೇ ಹಾಡು. 2009ರ ನವೆಂಬರಿನಲ್ಲಿ, ಹುಲಿಗಳೆಲ್ಲ ಅಳಿದುಹೋಗಿದ್ದ ಮಧ್ಯಪ್ರದೇಶದ ಪನ್ನಾಕ್ಕೆ ಪೆಂಚ್‌ನಿಂದ ಟಿ-3 ಎಂಬ ಗಂಡು ಹುಲಿಯನ್ನು ತಂದುಬಿಟ್ಟರು. ಪನ್ನಾದಲ್ಲಿ ಬೇಟೆಗೆ ಕೊರತೆಯಿಲ್ಲ, ಎದುರಾಳಿ ಗಂಡೂ ಇಲ್ಲ. ಆದರೂ ಕೆಲವೇ ದಿನಗಳಲ್ಲಿ ಅದು ತೆಂಕಣಕ್ಕೆ, ತನ್ನ ಪೆಂಚ್ ಇರುವ ದಿಕ್ಕಿಗೆ ನಡೆಯತೊಡಗಿತು. ಆನೆಗಳನ್ನು ಕಟ್ಟಿಕೊಂಡು ಬೆನ್ನುಹತ್ತಿದ ಸಿಬ್ಬಂದಿ ಡಿಸೆಂಬರ್ ಕೊನೆಯಲ್ಲಿ ಅರಿವಳಿಕೆ ಕೊಟ್ಟು ವಾಪಸ್ ತರಬೇಕಾಯಿತು. ಮತ್ತೆ ಓಡದಂತೆ ಕಾಡಿನಲ್ಲಿ ಹೆಣ್ಣು ಹುಲಿಯ ಮೂತ್ರ ಸಿಂಪಡಿಸಿದರು. ಉಪಾಯ ಫಲಿಸಿತು, ಮುಂದೆ ಪನ್ನಾದ ಹುಲಿ ಸಂತತಿಗೆ ಇದೇ ತಂದೆಯಾಯಿತು. ಅಷ್ಟು ಜನ, ಅಷ್ಟು ಆನೆ, ಅಷ್ಟು ನಿಗಾ ಇದ್ದದ್ದರಿಂದ ಇದು ಸಾಧ್ಯವಾಯಿತು. ನಮ್ಮೂರ ಬೋನಿನ ಚಿರತೆಯ ಹಿಂದೆ ಯಾರೂ ಆನೆ ಕಟ್ಟಿಕೊಂಡು ಹೋಗುವುದಿಲ್ಲ.

ಖಾಲಿಯಾದ ಜಾಗಕ್ಕೆ ಏನಾಗುತ್ತದೆ?

ಬೋನಿನ ವಿಡಿಯೋದಲ್ಲಿ ಎಂದೂ ಕಾಣದ ಭಾಗ ಇದು. ಹಿಡಿದ ಚಿರತೆ ನೆಲೆಸಿದ್ದ ಜಾಗದಲ್ಲಿ ನಾಯಿ, ಹಂದಿ, ಕಸದ ರಾಶಿ, ಕಬ್ಬು, ಬಂಡೆಗುಡ್ಡ ಎಲ್ಲ ಹಾಗೇ ಇವೆ. ಒಡೆಯ ಮಾತ್ರ ಇಲ್ಲ. ಜಾಗ ಹುಡುಕಿ ಅಲೆಯುತ್ತಿರುವ ಹರೆಯದ ಚಿರತೆಗಳಿಗೆ ಇದು ಬಾಡಿಗೆಗೆ ಇಟ್ಟ ಮನೆ. ಒಂದಲ್ಲ, ಎರಡು ಮೂರು ಬಂದು ತಮ್ಮೊಳಗೆ ಪೈಪೋಟಿಗೂ ಬೀಳಬಹುದು. ಹಳೆಯ ಚಿರತೆಗೆ ಊರಿನ ದಿನಚರಿ ಗೊತ್ತಿತ್ತು, ಹೊಸದಕ್ಕೆ ಗೊತ್ತಿಲ್ಲ. ‘ಹಿಡಿದು ಎರಡು ತಿಂಗಳಾಗಿಲ್ಲ, ಮತ್ತೆ ಬಂದಿದೆ’ ಎಂದು ಊರವರು ಹೇಳುವುದುಂಟು. ಬಂದದ್ದು ಅದೇ ಇರಬಹುದು, ಬೇರೆಯದೂ ಇರಬಹುದು. ಮೈಮೇಲಿನ ಚುಕ್ಕೆಗಳ ವಿನ್ಯಾಸ ಒಂದೊಂದು ಚಿರತೆಗೂ ಬೇರೆ ಬೇರೆ, ನಮ್ಮ ಹೆಬ್ಬೆರಳ ಗುರುತಿನಂತೆ. ಕ್ಯಾಮೆರಾ ಟ್ರ್ಯಾಪ್ ಫೋಟೋ ಹೋಲಿಸಿದರೆ ತಿಳಿಯುತ್ತದೆ, ಮೊಬೈಲ್ ವಿಡಿಯೋದಲ್ಲಿ ಬಹುಮಟ್ಟಿಗೆ ತಿಳಿಯುವುದಿಲ್ಲ.

ಇಲ್ಲೇ ಇನ್ನೊಂದು ನಂಬಿಕೆಯನ್ನೂ ನೋಡಿಬಿಡೋಣ. ‘ಕಾಡು ನಾಶವಾಗಿ, ಊಟವಿಲ್ಲದೆ ಚಿರತೆ ನಾಡಿಗೆ ಬರುತ್ತಿದೆ’ ಎಂಬ ಮಾತು ಪ್ರತಿ ಫಾರ್ವರ್ಡಿನಲ್ಲೂ ಇರುತ್ತದೆ. ಕಾಡು ನಾಶವಾಗುತ್ತಿರುವುದು ನಿಜ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಬಹಳ ಚಿರತೆಗಳು ‘ಬಂದದ್ದೇ’ ಅಲ್ಲ, ಅಲ್ಲಿಯವೇ. ಅಹಮದ್‌ನಗರ ಜಿಲ್ಲೆಯ ಅಕೋಲೆ ಕಣಿವೆಯಲ್ಲಿ ಕಾಡಿಲ್ಲ, ಕಬ್ಬಿನ ಗದ್ದೆ ಮತ್ತು ಊರುಗಳಿವೆ. ಅಲ್ಲಿ 100 ಚದರ ಕಿ.ಮೀ.ಗೆ ಸುಮಾರು ಐದು ದೊಡ್ಡ ಚಿರತೆಗಳಿದ್ದವು. ಅವುಗಳ ಹಿಕ್ಕೆ ಪರೀಕ್ಷಿಸಿದಾಗ ಆಹಾರದ ತೂಕದಲ್ಲಿ ಶೇ 87ರಷ್ಟು ಸಾಕುಪ್ರಾಣಿಗಳದ್ದು, ನಾಯಿಯೊಂದರದ್ದೇ ಶೇ 39. ಅವಕ್ಕೆ ಕಬ್ಬಿನ ಗದ್ದೆಯೇ ಪರಿಚಿತ ಬೇಟೆಯ ನೆಲ. ‘ಮರಳಿ ಕಾಡಿಗೆ’ ಎಂಬ ಮಾತಿನಲ್ಲಿ ‘ಮರಳಿ’ ಎಂಬುದೇ ತಪ್ಪು.

ನಮ್ಮ ರಾಜ್ಯದಲ್ಲಿ

2022ರ ರಾಷ್ಟ್ರೀಯ ಅಂದಾಜಿನಂತೆ ದೇಶದಲ್ಲಿ 13,874 ಚಿರತೆಗಳಿವೆ, ಕರ್ನಾಟಕದಲ್ಲಿ 1,879. ಈ ಅಂದಾಜು ಮುಖ್ಯವಾಗಿ ಕಾಡುಗಳದ್ದು. ಮಂಡ್ಯ, ಮೈಸೂರಿನ ಕಬ್ಬಿನ ಗದ್ದೆ, ತುಮಕೂರು, ರಾಮನಗರದ ಬಂಡೆಗುಡ್ಡಗಳ ಪ್ರತಿ ಚಿರತೆಯೂ ಇದರಲ್ಲಿ ಬಂದಿಲ್ಲ. ಇಷ್ಟನ್ನೂ ಹಿಡಿದು ಬಿಡಲು ಖಾಲಿ ಕಾಡು ಎಲ್ಲಿದೆ? ನಾಗರಹೊಳೆ, ಬಂಡೀಪುರದಲ್ಲಿ ಚಿರತೆಗಳು ಈಗಾಗಲೇ ಇವೆ, ಜೊತೆಗೆ ಹುಲಿಗಳೂ.

ಇಷ್ಟು ಹೇಳಿದ ಮಾತ್ರಕ್ಕೆ ‘ಚಿರತೆ ಇರಲಿ ಬಿಡಿ, ಹೊಂದಿಕೊಳ್ಳಿ’ ಎಂದು ದೂರದಲ್ಲಿ ಕೂತು ಉಪದೇಶ ಮಾಡುವುದು ನಮ್ಮ ಉದ್ದೇಶವಲ್ಲ. 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕೊಂದರಲ್ಲೇ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಅವರಲ್ಲಿ ಕಾಲೇಜು ವಿದ್ಯಾರ್ಥಿಗಳೂ, ಒಬ್ಬ ಹುಡುಗನೂ ಇದ್ದರು. ಅಂಥ ಊರಿನಲ್ಲಿ ಬೋನು ಇಡಿ ಎಂದು ಕೇಳುವುದು ಸಹಜ, ನ್ಯಾಯವೂ ಹೌದು. ಆ ಬಳಿಕ ಮೈಸೂರಿನಲ್ಲಿ ಚಿರತೆ ಕಾರ್ಯಪಡೆಯೇ ರಚನೆಯಾಯಿತು. ಕೇಂದ್ರ ಪರಿಸರ ಸಚಿವಾಲಯದ 2011ರ ಮಾರ್ಗಸೂಚಿಯೂ ಈ ವ್ಯತ್ಯಾಸ ಮಾಡುತ್ತದೆ. ಮನುಷ್ಯರನ್ನು ಕೊಂದದ್ದು ಖಚಿತವಾದ ಚಿರತೆಯನ್ನು ಹಿಡಿದ ಮೇಲೆ ಎಲ್ಲಿಗೂ ಬಿಡಬಾರದು. ಬರೀ ಕಣ್ಣಿಗೆ ಬಿದ್ದ, ನಾಯಿ ಹಿಡಿದ ಚಿರತೆಗೆ ಬೋನು ಇಡುವುದು ಪರಿಹಾರವಲ್ಲ. ಬಾವಿಗೆ ಬಿದ್ದದ್ದೋ, ಮನೆಯೊಳಗೆ ಸಿಕ್ಕಿಕೊಂಡದ್ದೋ ಆದರೆ ಹಿಡಿದ ಜಾಗದ ಹತ್ತಿರದಲ್ಲೇ ಬಿಡಬೇಕು. ಚಿರತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯ ಪ್ರಾಣಿ. ಹಿಡಿಯಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು.

ಹೀಗಿದ್ದರೂ ದೂರ ಬಿಡುವುದು ನಿಲ್ಲುವುದಿಲ್ಲ, ಯಾಕೆಂದರೆ ಒತ್ತಡ ನಮ್ಮಿಂದಲೇ ಹುಟ್ಟುತ್ತದೆ. ಎಲ್ಲಿಯದೋ ಯಾವಾಗಿನದೋ ಸಿಸಿಟಿವಿ ತುಣುಕು ‘ನಮ್ಮ ಬಡಾವಣೆ, ನಿನ್ನೆ ರಾತ್ರಿ’ ಎಂಬ ಸಾಲಿನೊಂದಿಗೆ ಓಡಾಡುತ್ತದೆ. ಸಾವಿರ ಜನ ನೋಡುತ್ತಾರೆ, ನೂರು ಜನ ಕರೆ ಮಾಡುತ್ತಾರೆ, ಸಂಜೆಗೆ ಬೋನು ಬರುತ್ತದೆ. ಬೋನಿಗೆ ಬಿದ್ದದ್ದು ವಿಡಿಯೋದ ಚಿರತೆಯೇ ಎಂದು ಯಾರೂ ಕೇಳುವುದಿಲ್ಲ. ನಿಮಗೂ ಇಂಥ ವಿಡಿಯೋ ಬಂದರೆ ಜಾಗ, ದಿನಾಂಕ ಖಚಿತವಿಲ್ಲದೆ ಮುಂದೆ ಕಳಿಸಬೇಡಿ. ನಿಜವಾಗಿಯೂ ನಿಮ್ಮೂರಿನಲ್ಲಿ ಚಿರತೆ ಕಂಡಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಗುಂಪು ಕಟ್ಟಿ ಸುತ್ತುವರಿಯುವುದು ಎಲ್ಲಕ್ಕಿಂತ ಅಪಾಯ. ದಾರಿ ಬಿಟ್ಟರೆ ಕತ್ತಲಾದ ಮೇಲೆ ತಾನೇ ಜಾರಿಕೊಳ್ಳುವ ಪ್ರಾಣಿ, ಸುತ್ತ ಜನ ನಿಂತರೆ ಮೈಮೇಲೆ ಹಾರುತ್ತದೆ.

ಚಿರತೆಯ ಲೆಕ್ಕವನ್ನೇ ಬದಲಿಸುವುದು ಇನ್ನೊಂದು ದಾರಿ. ಊರ ಸುತ್ತ ಸುಲಭದ ಊಟ ಸಿಗುವವರೆಗೆ ಅದಕ್ಕೆ ಹೊರಡಲು ಕಾರಣವಿಲ್ಲ. ಕುರಿ, ಆಡುಗಳನ್ನು ರಾತ್ರಿ ನಾಲ್ಕೂ ಕಡೆ ಮತ್ತು ಮೇಲೂ ಮುಚ್ಚಿದ ಕೊಟ್ಟಿಗೆಯಲ್ಲಿ ಕೂಡಿ. ನಾಯಿಯನ್ನು ಹೊರಗೆ ಕಟ್ಟಿಹಾಕಬೇಡಿ, ಕಟ್ಟಿದ ನಾಯಿ ಓಡಲಾರದು. ಕೋಳಿ ಅಂಗಡಿಯ ತ್ಯಾಜ್ಯ ಊರಾಚೆ ಸುರಿದರೆ ನಾಯಿ ಸೇರುತ್ತವೆ, ನಾಯಿಯ ಹಿಂದೆ ಚಿರತೆ. ಮುಸ್ಸಂಜೆಯ ಮೇಲೆ ಮಕ್ಕಳನ್ನು ಒಂಟಿಯಾಗಿ ಅಂಗಡಿಗೋ ಬಯಲಿಗೋ ಕಳಿಸಬೇಡಿ. ಹೊಲಕ್ಕೆ ನೀರು ಬಿಡಲು ರಾತ್ರಿ ಹೋಗಲೇಬೇಕಾದವರು ಇಬ್ಬರು ಹೋಗಿ, ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಿಕೊಳ್ಳಿ. ರೈತರಿಗೆ ರಾತ್ರಿ ಬದಲು ಹಗಲು ತ್ರೀಫೇಸ್ ಕರೆಂಟು ಕೊಟ್ಟರೆ ಇದರಲ್ಲಿ ಅರ್ಧ ಕಷ್ಟ ತಪ್ಪುತ್ತದೆ ಎಂಬುದು ನಮ್ಮ ಅನಿಸಿಕೆ. ಅದು ಚಿರತೆಯ ಕೈಯಲ್ಲಂತೂ ಇಲ್ಲ.

ಕಬ್ಬು ಕಡಿಯುವ ಕಾಲದಲ್ಲಿ ಇನ್ನೊಂದು ಬಗೆಯ ವಿಡಿಯೋ ಬರುತ್ತದೆ. ಗದ್ದೆಯಲ್ಲಿ ಸಿಕ್ಕ ಪುಟ್ಟ ಮರಿಗಳನ್ನು ಎತ್ತಿಕೊಂಡು ‘ತಾಯಿ ಬಿಟ್ಟುಹೋದ ಮರಿಗಳು’ ಎಂದು ತೆಗೆದದ್ದು. ತಾಯಿ ಬಿಟ್ಟುಹೋಗಿರುವುದಿಲ್ಲ. ಜನರ ಸದ್ದಿಗೆ ಪಕ್ಕದ ಗದ್ದೆಯಲ್ಲಿ ಅಡಗಿ ಕತ್ತಲಾಗುವುದನ್ನೇ ಕಾಯುತ್ತಿರುತ್ತದೆ. ಮರಿ ಕಾಣದಿದ್ದರೆ ಅದು ಹುಡುಕುತ್ತಾ ಊರ ಸುತ್ತ ತಿರುಗುತ್ತದೆ, ಆಗ ಅದರ ಎದುರು ಬೀಳುವುದು ಒಳ್ಳೆಯದಲ್ಲ. ಜುನ್ನರ್ ಕಡೆ ಈಗ ಇಂಥ ಮರಿಗಳನ್ನು ಪರೀಕ್ಷಿಸಿ, ಅದೇ ಸಂಜೆ ಸಿಕ್ಕ ಜಾಗದಲ್ಲೇ ಬುಟ್ಟಿಯಲ್ಲೋ ಪೆಟ್ಟಿಗೆಯಲ್ಲೋ ಇಟ್ಟು, ಕ್ಯಾಮೆರಾ ಕಟ್ಟಿ ದೂರ ಸರಿಯುತ್ತಾರೆ. ರಾತ್ರಿ ತಾಯಿ ಬರುತ್ತದೆ, ಸುತ್ತ ಮೂಸುತ್ತದೆ, ಒಂದೊಂದನ್ನೇ ಕತ್ತಿನ ಚರ್ಮ ಕಚ್ಚಿ ಎತ್ತಿಕೊಂಡು ಹೋಗುತ್ತದೆ.